ಕನ್ನಡಕ್ಕೆ ತಾರದೆ ಬಿಟ್ಟ ಒಂದು ನಿಯಮ

ಮೊನ್ನೆ ರೋಣದ ಬಜಾರದಲ್ಲಿ ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಹಳೆಯ ವಿದ್ಯಾರ್ಥಿಗಳು ಯಾರೂ ನೋಡದಿರಲೆಂದು ಗೋಡೆಯ ಮಗ್ಗುಲಲ್ಲೇ ಕುಂಟುತ್ತ ಹೋಗಿ ಚಪ್ಪಲಿ ಹೊಲಿಯುವವನ ಎದುರು ಕುಳಿತೆ. ಅವನು ದಾರವನ್ನು ಹೊಸೆದು, ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿದು, ಒಂದು ಮೇಣದ ಗಟ್ಟಿಯನ್ನು ಅದರ ಮೇಲೆ ಸರ್ರನೆ ಎಳೆದ. ಬಿಸಿಲಿಗೆ ಮೆತ್ತಗಾಗಿದ್ದ ಮೇಣದ ವಾಸನೆ ಮೂಗಿಗೆ ಬಡಿಯಿತು. ನಿಮಗಾದರೆ ಆ ವಾಸನೆಗೆ ಏನೂ ಅನಿಸಲಿಕ್ಕಿಲ್ಲ. ನಾನು ಕೂತಲ್ಲೇ ಮುಖ ಆಚೆ ತಿರುಗಿಸಿ ಕಣ್ಣು ಮುಚ್ಚಿದೆ. “ಯಾಕ್ರಿ ಮಾಸ್ತರ, ಬಿಸಲು ಬಡೀತೇನ್ರಿ?” ಎಂದು ಅವನು ಕೇಳಿದ. ಹೌದೆಂದೆ. ಸುಳ್ಳು ಹೇಳುವುದು ನನಗೆ ಹೊಸದಲ್ಲ. ಅದನ್ನೇ ನಿಮಗೆ ಹೇಳಲು ಹೊರಟಿದ್ದೇನೆ.

ಆ ವಾಸನೆ ಬಿಲ್ಲಿನ ಹೆದೆಯದು. ಹೆದೆಯ ಎಳೆಗಳು ಬಿಚ್ಚಿಕೊಳ್ಳಬಾರದೆಂದು ಬಿಲ್ಲುಗಾರರು ಅದಕ್ಕೆ ಮೇಣ ತೀಡುತ್ತಾರೆ. ಹಾಗೆಂದು ನನ್ನನ್ನು ಬಿಲ್ಲುಗಾರನೆಂದು ತಿಳಿಯಬೇಡಿ. ಹುಟ್ಟಿದ್ದು ನರಗುಂದ, ಇಂಗ್ಲಿಷ್ ಕಲಿಸಿದ್ದು ಗಜೇಂದ್ರಗಡ, ಪಿಂಚಣಿ ಉಣ್ಣುತ್ತಿರುವುದು ರೋಣ. ನನ್ನ ಜೀವನಚರಿತ್ರೆ ಅಷ್ಟರಲ್ಲೇ ಮುಗಿಯುತ್ತದೆ. ಬಿಲ್ಲು ಎಳೆದದ್ದು ಆಯುಷ್ಯದಲ್ಲಿ ಒಂದೇ ಸಲ. ಬಾಣ ಮೂರು ಮಾರು ಹೋಗಿ ಬಿತ್ತು. ಹೆದೆ ಮಾತ್ರ ಗುರಿ ತಪ್ಪದೆ ನನ್ನ ಎಡ ಮುಂಗೈಗೆ ಬಡಿಯಿತು. ಒಂದು ವಾರ ಆ ನೀಲಿ ಬರೆಯನ್ನು ತುಂಬುತೋಳಿನ ಅಂಗಿಯೊಳಗೆ ಮುಚ್ಚಿಕೊಂಡು ಪಾಠ ಮಾಡಿದೆ. ಇಂಥವನು ತಾಲೂಕಿನ ಬಿಲ್ಲುಗಾರಿಕೆ ಸಂಘಕ್ಕೆ ಕಾರ್ಯದರ್ಶಿ ಆದದ್ದು ಹೇಗೆಂದರೆ, ಹಾಳೂರಿಗೆ ಉಳಿದವನೇ ಗೌಡ. ಇಂಗ್ಲಿಷ್ ಕಾಗದ ಓದಿ ಇಂಗ್ಲಿಷಿನಲ್ಲೇ ಉತ್ತರ ಬರೆಯಬಲ್ಲವರಲ್ಲಿ ಪುರುಸೊತ್ತಾಗಿ ಸಿಕ್ಕವನು ನಾನೊಬ್ಬನೇ.

ಸಂಘ ಕಟ್ಟಿದವರು ನಮ್ಮ ಶಾಲೆಯ ಆಟದ ಮಾಸ್ತರರಾದ ಇಮಾಮಸಾಬರು. ಪಿಂಜಾರರ ಮನೆತನ ಅವರದು. ಅವರ ತಂದೆ ಮನೆಮನೆಗೆ ಹೋಗಿ ಗಾದಿಯ ಹತ್ತಿ ಹಿಂಜಿ ಕೊಡುತ್ತಿದ್ದರು. ಹತ್ತಿ ಹಿಂಜುವ ಬಿಲ್ಲನ್ನು ನೀವು ನೋಡಿದ್ದೀರೋ ಇಲ್ಲವೋ. ಆಳುದ್ದದ ಕಟ್ಟಿಗೆಗೆ ನರದ ತಂತಿ ಬಿಗಿದಿರುತ್ತದೆ. ಬಡಿದರೆ ಟೊಂಯ್ ಟೊಂಯ್ ಎನ್ನುತ್ತ ಗಂಟುಗಟ್ಟಿದ ಹತ್ತಿಯನ್ನೆಲ್ಲ ಬಿಡಿಸಿಬಿಡುತ್ತದೆ. ಯಂತ್ರ ಬಂದ ಮೇಲೆ ಆ ಬಿಲ್ಲು ಅವರ ಮನೆಯ ಜಂತಿಗೆ ಏರಿತು. “ನಮ್ಮಪ್ಪ ಬಿಲ್ಲಿಲೆ ಹತ್ತಿ ಹೊಡದಾ, ನಾ ಬಿಲ್ಲಿಲೆ ಹುಲ್ಲಿನ ಪೆಂಡಿ ಹೊಡಸಾಕತ್ತೀನಿ. ಮನಿತನದ ಕಸಬು ಬಿಟ್ಟಿಲ್ರಿ ಮಾಸ್ತರ” ಎಂದು ನಗುತ್ತಿದ್ದರು. ಗರಡಿಮನೆಯ ರೂಢಿಯಂತೆ ಮಕ್ಕಳು ಅವರನ್ನು ಉಸ್ತಾದರು ಎಂದು ಕರೆಯುತ್ತಿದ್ದರು.

ಗಜೇಂದ್ರಗಡದ ಗುಡ್ಡದ ಬುಡದಲ್ಲಿ, ಗಾಳಿಯಂತ್ರಗಳು ಕಾಣುವ ಒಂದು ಬಯಲೇ ನಮ್ಮ ಮೈದಾನ. ಬಿಲ್ಲಿಗೂ ಗುರಿಗೂ ನಡುವೆ ಎಪ್ಪತ್ತು ಮೀಟರ್ ಇರಬೇಕೆಂದು ಅಂತರರಾಷ್ಟ್ರೀಯ ಅಳತೆ. ನಮ್ಮಲ್ಲಿದ್ದದ್ದು ಹೊಲ ಅಳೆಯುವ ಮೂವತ್ತಮೂರು ಅಡಿಯ ಹಳೆಯ ಸರಪಳಿ. ಏಳು ಸರಪಳಿ ಎಳೆದರೆ ಒಂದು ಮೊಳ ಹೆಚ್ಚು ಬರುತ್ತಿತ್ತು. ನಾನು ಕಾಗದದ ಮೇಲೆ ಲೆಕ್ಕ ಹಾಕಿ ತಕರಾರು ತೆಗೆದೆ. “ಇರ್ಲಿ ಬಿಡ್ರಿ, ದೂರದ್ದು ಕಲತವಗ ಹತ್ರದ್ದು ಸಸಾರ” ಎಂದು ಇಮಾಮಸಾಬರು ಅಲ್ಲೇ ಗೂಟ ಬಡಿಸಿದರು.

ಜಗತ್ತಿನ ಬಿಲ್ಲುಗಾರಿಕೆಯನ್ನೆಲ್ಲ ಆಳುವ ಒಂದು ಒಕ್ಕೂಟವಿದೆ. ಅದು ಪರದೇಶದ ಯಾವುದೋ ಸರೋವರದ ದಂಡೆಯ ಊರಿನಲ್ಲಿ ಕೂತು ನಿಯಮ ಮಾಡುತ್ತದೆ. ಆ ನಿಯಮಗಳನ್ನು ನಾನು ನರಗುಂದದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ ತಂದಾಗ ಕಟ್ಟು ಗೇಣೆತ್ತರವಿತ್ತು. ಗುರಿಯ ನಡುಬಿಂದು ನೆಲದಿಂದ ಎಷ್ಟು ಎತ್ತರ ಇರಬೇಕು, ಬಾಣ ಎಷ್ಟು ದಪ್ಪ ಇರಬಹುದು, ಒಂದು ಬಾಣಕ್ಕೆ ಎಷ್ಟು ಸೆಕೆಂಡು, ಎಷ್ಟು ಸೀಟಿ ಊದಿದರೆ ಗೆರೆಗೆ ಬರಬೇಕು, ಎಷ್ಟು ಊದಿದರೆ ಬಾಣ ಕೀಳಲು ಹೋಗಬೇಕು, ಎಲ್ಲವೂ ಅದರಲ್ಲಿತ್ತು. ಓದುತ್ತ ಓದುತ್ತ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಒಂದು ನಿಯಮವಂತೂ ಬಹಳ ಹಿಡಿಸಿತು. ಇಬ್ಬರು ಎದುರುಬದುರು ನಿಲ್ಲುವ ಪಂದ್ಯದಲ್ಲಿ ಮೊದಲೆಲ್ಲ ಒಟ್ಟು ಅಂಕ ಕೂಡಿಸುತ್ತಿದ್ದರಂತೆ. ಆಮೇಲೆ ಅದನ್ನು ಕಂತುಕಂತಾಗಿ ಒಡೆದರು. ಒಂದು ಕಂತಿನಲ್ಲಿ ಬಾಣ ಎಲ್ಲಿಗೋ ಹೋಯಿತೆನ್ನಿ, ಆ ಕಂತು ಅಷ್ಟಕ್ಕೆ ಮುಗಿಯಿತು, ಮುಂದಿನದು ಮತ್ತೆ ಸೊನ್ನೆಯಿಂದ ಶುರು. ಇದನ್ನು ಬರೆದವನು ಬದುಕು ಬಲ್ಲವನು ಎಂದುಕೊಂಡೆ. ಆದರೆ ತಂಡದ ಆಯ್ಕೆಗೆ ಈ ಔದಾರ್ಯ ಇಲ್ಲ. ಅಲ್ಲಿ ಎಪ್ಪತ್ತೆರಡು ಬಾಣ, ಎಲ್ಲದರ ಒಟ್ಟು ಅಂಕ. ಕಳೆದದ್ದು ಕಳೆದೇ ಹೋಯಿತು.

“ಇದನ್ನ ಕನ್ನಡಕ್ಕ ತರ್ರಿ ಮಾಸ್ತರ. ನಮ್ಮ ಹುಡುಗ್ರು ಕಾಯ್ದೆ ಗೊತ್ತಿಲ್ಲಂತ ನಾಕ ಮಂದಿಯೊಳಗ ಮಾರಿ ಕೆಳಗ ಹಾಕಬಾರದು” ಎಂದರು ಇಮಾಮಸಾಬರು. ನನಗೆ ಒಳಗೊಳಗೇ ಕೋಡು ಮೂಡಿತು. ಎರಡು ನೂರು ಪುಟದ ನೋಟ್‌ಬುಕ್ ತಂದು, ಗುಂಡಗಿನ ಅಕ್ಷರದಲ್ಲಿ, ಕೆಂಪು ಶಾಯಿಯ ತಲೆಬರಹ ಹಾಕಿ ಬರೆಯಲು ಕುಳಿತೆ.

ಇನ್ನು ರೇಣುಕಾಳ ವಿಷಯ. ರಾಜೂರಿನ ಹುಡುಗಿ, ನನ್ನ ವಿದ್ಯಾರ್ಥಿನಿ. ತಾಯಿ ಗಜೇಂದ್ರಗಡದಲ್ಲಿ ಮಗ್ಗದ ಕೆಲಸಕ್ಕೆ ಬರುತ್ತಿದ್ದಳು, ಮಗಳು ಶಾಲೆಗೆ. ಶಾಲೆ ಬಿಟ್ಟ ಮೇಲೆ ತಾಯಿಯ ಕೆಲಸ ಮುಗಿಯುವವರೆಗೆ ಹೊತ್ತು ಕಳೆಯಲೆಂದು ಮೈದಾನಕ್ಕೆ ಬಂದವಳು ಅಲ್ಲಿಯೇ ನಿಂತಳು. ಇಂಗ್ಲಿಷ್ ಕಾಗುಣಿತ ಕೇಳಿದರೆ ಬೆವರುತ್ತಿದ್ದ ಹುಡುಗಿ ಬಿಲ್ಲು ಎತ್ತಿದಾಗ ಬೇರೆಯೇ ಯಾರೋ ಆಗುತ್ತಿದ್ದಳು. ಮೊದಲು ಗುಡ್ಡದ ಗಾಳಿಯಂತ್ರಗಳ ಕಡೆ ಕಣ್ಣು ಹಾಯಿಸುತ್ತಿದ್ದಳು. “ಫ್ಯಾನ್ ನಿಧಾನ ಆದೂರಿ ಉಸ್ತಾದ್ರ” ಎಂದು ಗಾಳಿಯ ವರದಿ ಒಪ್ಪಿಸಿ, ಬಾಣ ಹೂಡಿ, ಉಸಿರು ಹಿಡಿದು ಬಿಡುತ್ತಿದ್ದಳು. ಎದುರಿನ ಹುಲ್ಲಿನ ಪೆಂಡಿಯಲ್ಲಿ ಹಳದಿ ಬಣ್ಣದ ನಡುವೆ ಅದು ಹೋಗಿ ಕೂರುತ್ತಿತ್ತು. ಆಕೆಯ ಕೈಯಲ್ಲಿದ್ದ ಬಿಲ್ಲು ಆಕೆಯದಲ್ಲ. ಕ್ರೀಡಾ ಇಲಾಖೆಯವರು ಎರವಲಾಗಿ ಕೊಟ್ಟದ್ದು. ವಯಸ್ಸು ಮೀರುವುದರೊಳಗೆ ರಾಜ್ಯದ ಕಿರಿಯರ ತಂಡಕ್ಕೆ ಆಯ್ಕೆಯಾದರೆ ಬಿಲ್ಲು ಆಕೆಯ ಬಳಿ ಉಳಿಯುತ್ತದೆ, ಇಲ್ಲವಾದರೆ ತಿರುಗಿ ಕೊಡಬೇಕು. ಹೆದೆಗೆ ಮೇಣ ತೀಡುವಾಗ ಆ ಹುಡುಗಿಯ ಮುಖ ನೋಡಿದವರಿಗೆ ಈ ಷರತ್ತಿನ ಭಾರ ತಿಳಿಯುತ್ತಿತ್ತು.

ನಮ್ಮ ಮೈದಾನಕ್ಕೆ ಒಂದು ಪದ್ಧತಿ ಇತ್ತು. ಬಾಣ ಬಿಟ್ಟಾದ ಮೇಲೆ ಗುರಿಯ ಹತ್ತಿರ ಹೋಗಿ, ನೆಟ್ಟ ಬಾಣವನ್ನು ಬೆರಳ ತುದಿಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು; ಕೀಳುವುದೇನಿದ್ದರೂ ಆಮೇಲೆ. ಇಮಾಮಸಾಬರ ತಂದೆ ಹತ್ತಿಯ ಬಿಲ್ಲನ್ನು ಹಾಗೆ ಮುಟ್ಟಿ ಬಿಸ್ಮಿಲ್ಲಾ ಎನ್ನದೆ ಕೆಲಸಕ್ಕೆ ಕೈ ಹಚ್ಚುತ್ತಿರಲಿಲ್ಲವಂತೆ. ನಮ್ಮ ಮಕ್ಕಳಿಗೂ ಅದು ಹೊಸದಲ್ಲ. ಮಗ್ಗವನ್ನೋ ತಕ್ಕಡಿಯನ್ನೋ ಕೂರಿಗೆಯನ್ನೋ ಮುಟ್ಟಿ ನಮಸ್ಕರಿಸುವ ಮನೆಗಳಿಂದ ಬಂದವರು. “ಅನ್ನ ಕೊಡೂದನ್ನ ಮುಟ್ಟಿ ಕಣ್ಣಿಗೆ ಒತ್ತಿಕೋರಿ” ಎಂಬುದು ಉಸ್ತಾದರ ಮೊದಲ ಪಾಠ. ರೇಣುಕಾ ಒಂದು ಬಾಣವನ್ನೂ ಹಾಗೆ ಮುಟ್ಟದೆ ಬಿಡುತ್ತಿರಲಿಲ್ಲ, ಗುರಿ ತಪ್ಪಿ ಮಣ್ಣಿಗೆ ಬಿದ್ದ ಬಾಣವನ್ನೂ ಸಹ.

ಒಂದು ಸಂಜೆ ಬರೆಯುತ್ತ ಬರೆಯುತ್ತ ಆ ನಿಯಮಕ್ಕೆ ಬಂದೆ. ಎಲ್ಲ ಬಾಣಗಳ ಅಂಕವನ್ನು ಬರೆದು ಮುಗಿಸುವವರೆಗೆ ಬಾಣವನ್ನಾಗಲಿ ಗುರಿಯ ಹಾಳೆಯನ್ನಾಗಲಿ ಯಾರೂ ಮುಟ್ಟಬಾರದು. ಪೆನ್ನು ನಿಂತಿತು. ಬರೆದರೆ ಇಮಾಮಸಾಬರಿಗೆ ಹೇಳಬೇಕು: ನಿಮ್ಮ ಅಪ್ಪನ ಪಾಠ ತಪ್ಪು, ಅದನ್ನು ಬಿಡಿಸಿ ಎಂದು. ಅವತ್ತು ಮಧ್ಯಾಹ್ನವೇ ಬಾಣ ಮುಟ್ಟದೆ ಕಿತ್ತ ಹುಡುಗನೊಬ್ಬನನ್ನು ಅವರು ಬಯಲು ಸುತ್ತಲು ಹಚ್ಚಿದ್ದನ್ನು ನೋಡಿದ್ದೆ. ಅವರ ಮನಸ್ಸು ನೋಯಿಸಲು ನನಗೆ ಧೈರ್ಯವಾಗಲಿಲ್ಲ. ಅದೂ ಅಲ್ಲದೆ, ಇಷ್ಟು ಸಣ್ಣ ವಿಷಯಕ್ಕೆ ಯಾರು ತಂಟೆ ತೆಗೆಯುತ್ತಾರೆ? ದೊಡ್ಡ ಪಂದ್ಯಕ್ಕೆ ಹೋಗುವಾಗ ಬಾಯಿಮಾತಿನಲ್ಲಿ ಹೇಳಿದರಾಯಿತು ಎಂದು ಆ ಒಂದು ನಿಯಮವನ್ನು ಬಿಟ್ಟು ಮುಂದಿನದಕ್ಕೆ ಹೋದೆ. ನೋಟ್‌ಬುಕ್ಕಿನ ಪ್ರತಿ ಮಾಡಿಸಿ ಎಲ್ಲರಿಗೂ ಹಂಚಿದೆವು. ಮಕ್ಕಳು ಕಾಲಿಗೆ ಬಿದ್ದರು, ನಾನು ಆಶೀರ್ವಾದ ಮಾಡಿದೆ.

ದೊಡ್ಡ ಪಂದ್ಯ ಬೇಗ ಬರಲೂ ಇಲ್ಲ. ಆ ಹೊತ್ತಿಗೆ ಮೇಲಿನವರ ಜಗಳ ಹತ್ತಿತ್ತು. ರಾಜ್ಯದಲ್ಲಿ ಎರಡು ಸಂಘ, ಎರಡು ಅಧ್ಯಕ್ಷರು, ಎರಡು ಮುದ್ರೆ. ದೇಶದ ಮಟ್ಟದಲ್ಲೂ ಅದೇ ಕಥೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಬುದ್ಧಿ ಹೇಳಿ ಸಾಕಾಗಿ ಜಗತ್ತಿನ ಒಕ್ಕೂಟ ನಮ್ಮ ದೇಶದ ಸಂಘವನ್ನೇ ಅಮಾನತಿನಲ್ಲಿಟ್ಟಿತು. ಹೊರದೇಶಕ್ಕೆ ಹೋದ ನಮ್ಮ ಬಿಲ್ಲುಗಾರರ ಎದೆಯ ಮೇಲೆ ದೇಶದ ಹೆಸರು ಇರಕೂಡದು ಎಂದಾಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರಲ್ಲ, ಹಾಗೆ ಎರಡು ವರ್ಷ ರಾಜ್ಯಮಟ್ಟದ ಪಂದ್ಯವೇ ನಡೆಯಲಿಲ್ಲ. ನಮ್ಮ ಮಕ್ಕಳು ಆಡಿದ್ದೆಲ್ಲ ಸುತ್ತಮುತ್ತಲಿನ ಸಣ್ಣ ಪಂದ್ಯಗಳು. ಅಲ್ಲಿ ಅಂಕ ಬರೆಯುವವರೂ ನಾವೇ, ತೀರ್ಪು ಕೊಡುವವರೂ ನಾವೇ. ಮುಟ್ಟಬೇಡಿ ಎನ್ನುವವರು ಯಾರು?

ಕೊನೆಗೆ ಒಂದು ದಿನ ಆಯ್ಕೆಯ ಪಂದ್ಯಕ್ಕೆ ಕರೆ ಬಂತು. ರೇಣುಕಾಳಿಗೆ ಕಿರಿಯರ ಗುಂಪಿನಲ್ಲಿ ಅದೇ ಕೊನೆಯ ವರ್ಷ. ನಾವು ಮೂವರು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಹೋದೆವು. ಬಿಟ್ಟ ಆ ನಿಯಮವನ್ನು ದಾರಿಯಲ್ಲಿ ಹೇಳಬೇಕೆಂದುಕೊಂಡೆ. ಆಕೆ ಬಿಲ್ಲಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಬೆಳಿಗ್ಗೆ ಹೇಳೋಣವೆಂದು ಸುಮ್ಮನಾದೆ.

ಬೆಳಿಗ್ಗೆ ಮೈದಾನದ ಬಾಗಿಲಲ್ಲೇ ತೊಡಕು. ನಾವು ತಂದ ಪತ್ರದ ಮೇಲೆ ಇದ್ದದ್ದು ಆ ಇನ್ನೊಂದು ಸಂಘದ ಮುದ್ರೆ. “ಈ ಶಿಕ್ಕಾ ನಡೆಯಂಗಿಲ್ರಿ” ಎಂದ ಮೇಜಿನ ಹಿಂದಿದ್ದವನು. ಪಂದ್ಯ ಮುಗಿಯುವುದರೊಳಗೆ ಪತ್ರ ಸರಿಯಾಗದಿದ್ದರೆ ಆಕೆಯ ಅಂಕ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಹೇಳಿ, ಬಾಣ ಬಿಡಲು ಮಾತ್ರ ಒಪ್ಪಿದರು. ಉಸ್ತಾದರು ಆಕೆಯ ಜೊತೆ ಹೋದರು. ಹೊರಗಿನವರು ನಿಲ್ಲುವ ಹಗ್ಗದ ಆಚೆಗೆ ಅವರನ್ನೂ ಬಿಡಲಿಲ್ಲ. ನಾನು ಮೇಜಿನ ಮುಂದೆ ನಿಂತೆ. ಅಯ್ಯೋ, ಅವತ್ತು ನನ್ನ ಇಂಗ್ಲಿಷು ಕೇಳಬೇಕಿತ್ತು ನೀವು! ಒಕ್ಕೂಟದ ನಿಯಮ ಇಷ್ಟನೆಯದು, ಉಪನಿಯಮ ಇಷ್ಟನೆಯದು ಎಂದು ಎರಡು ಸಂಘಗಳ ಪದಾಧಿಕಾರಿಗಳಿಗೂ ನೀರಿಳಿಸಿದೆ. ಮಧ್ಯಾಹ್ನ ದಾಟುವ ಹೊತ್ತಿಗೆ ಪತ್ರಕ್ಕೆ ಸರಿಯಾದ ಮುದ್ರೆ ಬಿತ್ತು. ಅದನ್ನು ಎತ್ತಿ ಹಿಡಿದು, ಗೆದ್ದ ಜಟ್ಟಿಯಂತೆ ಮೈದಾನದ ಕಡೆಗೆ ಓಡಿದೆ.

ಕೊನೆಯ ಸುತ್ತಿನ ಬಾಣ ಬಿಟ್ಟಾಗಿತ್ತು. ಗುರಿಯ ಮುಂದೆ ಮೂವರು ಹುಡುಗಿಯರು, ನಡುವೆ ಎಳೆಯ ವಯಸ್ಸಿನ ಒಬ್ಬಳು ತೀರ್ಪುಗಾರ್ತಿ. ರೇಣುಕಾಳ ಒಂದು ಬಾಣ ಒಂಬತ್ತಕ್ಕೂ ಹತ್ತಕ್ಕೂ ನಡುವಿನ ಗೆರೆಯ ಮೇಲೆ ಕೂತಿತ್ತು. ಗೆರೆಗೆ ತಾಗಿದ್ದರೆ ಹತ್ತು. ಅದನ್ನು ನೋಡಲೆಂದೇ ಆ ತೀರ್ಪುಗಾರ್ತಿ ಭೂತಗನ್ನಡಿ ಹಿಡಿದು ಬಂದಿದ್ದಳು. ಆಕೆ ಬಗ್ಗುವ ಮೊದಲೇ ರೇಣುಕಾ, ದಿನವಿಡೀ ಮಾಡಿದಂತೆ, ಆ ಬಾಣವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅಲ್ಲಿಯವರೆಗೆ ಯಾರೂ ಗಮನಿಸಿರಲಿಲ್ಲ, ಗಮನಿಸಿದ್ದರೂ ಏನೂ ಅಂದಿರಲಿಲ್ಲ. ಈಗ ತೀರ್ಪುಗಾರ್ತಿಯ ಕಣ್ಣೆದುರೇ ಆಯಿತು. ಆಕೆ ಕೆಟ್ಟವಳಲ್ಲ, ಒಮ್ಮೆ ಬಾಣವನ್ನೂ ಒಮ್ಮೆ ಹುಡುಗಿಯ ಮುಖವನ್ನೂ ನೋಡಿದಳು. ಆಮೇಲೆ ಭೂತಗನ್ನಡಿಯನ್ನು ಜೇಬಿಗೆ ಇಟ್ಟುಕೊಂಡು, ಮುಟ್ಟಿದ ಬಾಣವನ್ನು ತಾನು ಅಳೆಯುವಂತಿಲ್ಲ, ಕಡಿಮೆ ಅಂಕವೇ ಗತಿ ಎಂದಳು. ಒಂಬತ್ತು ಎಂದು ಬರೆದರು.

ತಂಡದ ಕೊನೆಯ ಸ್ಥಾನಕ್ಕೆ ಆಕೆಗೆ ಒಂದು ಅಂಕ ಕಡಿಮೆ ಬಿತ್ತು. ಆ ಹತ್ತು ಸಿಕ್ಕಿದ್ದರೆ ಆ ಸ್ಥಾನ ಪಡೆದವಳೊಂದಿಗೆ ಸರಿಸಮ ಆಗುತ್ತಿತ್ತು. ಆಗ ಇಬ್ಬರೂ ಒಂದೊಂದು ಬಾಣ ಬಿಡಬೇಕು, ನಡುವಿಗೆ ಹತ್ತಿರವಾದವರು ಗೆದ್ದಂತೆ. ಗೆಲ್ಲುತ್ತಿದ್ದಳೆಂದು ನಾನು ಹೇಳುವುದಿಲ್ಲ. ಆ ಒಂದು ಬಾಣ ಬಿಡುವ ಅವಕಾಶ ಆಕೆಗೆ ಸಿಗಲಿಲ್ಲ. ನನ್ನ ಕೈಯಲ್ಲಿ ಮುದ್ರೆ ಬಿದ್ದ ಪತ್ರ ಹಾಗೇ ಇತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆಯೇ ಕೇಳಿದಳು. “ಸರ, ಮುಟ್ಟಬಾರದಂತ ಆ ಪುಸ್ತಕದಾಗ ಇತ್ತೇನ್ರಿ?”

ಇಮಾಮಸಾಬರೂ ನನ್ನ ಕಡೆ ತಿರುಗಿದರು. ಇತ್ತು, ನಾನು ಬಿಟ್ಟೆ ಎನ್ನಲು ಎಷ್ಟು ಹೊತ್ತು ಬೇಕು? “ಈ ವರ್ಷದ ತಿದ್ದುಪಡಿ ಇರಬೇಕವಾ. ನಾ ತಂದ ಪ್ರತಿಯೊಳಗ ಇರಲಿಲ್ಲ” ಎಂದೆ.

ನಂಬಿದರು. ನಂಬದೆ ಏನು? ಆ ಒಕ್ಕೂಟ ತಿದ್ದುಪಡಿ ಕಳಿಸುತ್ತಲೇ ಇರುತ್ತದೆಂದು ಅವರಿಗೆ ಹೇಳಿಕೊಟ್ಟವನೂ ನಾನೇ. ಊರಿಗೆ ಬಂದ ಮೇಲೆ ಎಲ್ಲರೂ ಆ ಪರದೇಶದವರನ್ನು ಬೈದರು. ನಾನೂ ದನಿಗೂಡಿಸಿದೆ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಮೇಕೆ ಸಮುದ್ರದಾಚೆ ಇತ್ತು, ಅದಕ್ಕೆ ಸುದ್ದಿಯೂ ಮುಟ್ಟಲಿಲ್ಲ. ಇಮಾಮಸಾಬರು ಮಾತ್ರ ಬೈಯಲಿಲ್ಲ. “ಕಾಯ್ದೆ ಅವರದಿರಬಹುದ್ರಿ ಮಾಸ್ತರ. ಮುಟ್ಟಾಕ ಕಲಿಸಿದಾಂವ ನಾನ” ಎಂದು ತಮ್ಮ ಅಂಗೈ ನೋಡಿಕೊಂಡರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಇಲಾಖೆಯವರು ಬಂದು ಬಿಲ್ಲು ಒಯ್ದರು. ಹೆದೆ ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಆಕೆಯೇ ಕೊಟ್ಟಳು. ಆ ಸಲ ಮುಟ್ಟಿ ನಮಸ್ಕರಿಸಲಿಲ್ಲ. ಮುಂದೆ ಉಸ್ತಾದರು ಮೈದಾನಕ್ಕೆ ಬರುವುದನ್ನು ಕಡಿಮೆ ಮಾಡಿದರು. ಹುಲ್ಲಿನ ಪೆಂಡಿಗಳನ್ನು ಯಾರೋ ಎಮ್ಮೆಗೆ ಹಾಕಿದರು. ಎರಡು ವರ್ಷಕ್ಕೆ ಅವರು ಕಾಯಿಲೆ ಬಿದ್ದು ತೀರಿಕೊಂಡರು. ಅಷ್ಟರಲ್ಲಿ ದೇಶದ ಸಂಘದ ಮೇಲಿನ ಅಮಾನತು ತೆರವಾಗಿತ್ತು. ಎರಡು ಬಣಗಳೂ ಒಂದಾಗಿ, ಅಧ್ಯಕ್ಷರಿಬ್ಬರೂ ಒಬ್ಬರಿಗೊಬ್ಬರು ಶಾಲು ಹೊದಿಸುವ ಫೋಟೋ ಪೇಪರಿನಲ್ಲಿ ಬಂತು. ಇಬ್ಬರೂ ನಗುತ್ತಿದ್ದರು.

ಮೊನ್ನೆ ಚಪ್ಪಲಿ ಹೊಲಿಸಿಕೊಂಡು ಎದ್ದವನು ಮನೆಯ ದಾರಿ ಹಿಡಿಯಲಿಲ್ಲ. ಗಜೇಂದ್ರಗಡದ ಬಸ್ ಹತ್ತಿದೆ. ಆ ಪಂದ್ಯ ಮುಗಿದು ಆರು ವರ್ಷ ಆಗಿತ್ತು. ತಾಯಿ ಕೂರುತ್ತಿದ್ದ ಮಗ್ಗದ ಮುಂದೆ ಈಗ ರೇಣುಕಾ ಕೂರುತ್ತಾಳೆ ಎಂದು ಕೇಳಿದ್ದೆ. ಹೋದಾಗ ಊಟದ ಬಿಡುವು ಮುಗಿದು ಹೆಂಗಸರು ಕೆಲಸಕ್ಕೆ ಮರಳುತ್ತಿದ್ದರು. ಒಬ್ಬೊಬ್ಬಳೂ ಮಗ್ಗವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತಳು. ರೇಣುಕಾ ಬಂದು ಸುಮ್ಮನೆ ಕೂತು ಕೆಲಸಕ್ಕೆ ಹತ್ತಿದಳು. ನನ್ನನ್ನು ಕಂಡು ಎದ್ದು, “ಬರ್ರಿ ಸರ, ಕುಂದರ್ರಿ” ಎಂದು ಸ್ಟೂಲು ಕೊಟ್ಟಳು.

“ನೀ ಮುಟ್ಟಿ ನಮಸ್ಕಾರ ಮಾಡಂಗಿಲ್ಲೇನವಾ?”

“ಬಿಟ್ಟೇನ್ರಿ ಸರ. ಒಂದ ಸಲ ಮುಟ್ಟಿದ್ದು ಸಾಕಾತಲ್ರಿ” ಎಂದು ನಕ್ಕಳು.

ಆಮೇಲೆ ನಾನು ಹೇಳಿದೆ. ನಿಯಮ ಮೊದಲಿನಿಂದಲೂ ಇತ್ತು, ನಾನು ಓದಿದ್ದೆ, ಬರೆಯದೆ ಬಿಟ್ಟೆ, ಬಸ್ಸಿನಲ್ಲಿ ಹೇಳಿದ್ದು ಸುಳ್ಳು. ಐದು ನಿಮಿಷವೂ ಹಿಡಿಯಲಿಲ್ಲ. ಪಕ್ಕದ ಮಗ್ಗಗಳ ಸದ್ದಿನಲ್ಲಿ ಆಕೆಗೆ ಎಲ್ಲ ಕೇಳಿಸಿತೋ ಇಲ್ಲವೋ ಎಂದು ಮುಖ ನೋಡಿದೆ. ಕೇಳಿಸಿತ್ತು.

“ಉಸ್ತಾದ್ರಿಗೆ ಗೊತ್ತಿತ್ತೇನ್ರಿ ಇದು?” ಎಂದಳು.

“ಇಲ್ಲವಾ. ಅವರಿಗೆ ನಾ ಹೇಳಲಿಲ್ಲ.”

ಆಕೆ ಕೈಯಲ್ಲಿದ್ದ ಲಾಳಿಯನ್ನು ಕೆಳಗಿಟ್ಟಳು. “ಕಣ್ಣು ಮುಚ್ಚೂದಕ್ಕಿಂತ ಎರಡ ದಿನ ಮೊದಲ ಉಸ್ತಾದ್ರು ನನ್ನ ಕರಸಿದ್ರಿ ಸರ. ಕೈ ಹಿಡಕೊಂಡು, ‘ರೇಣಿ, ನಿನ್ನ ಬಿಲ್ಲು ನನ್ನಿಂದ ಹೋತವಾ, ಮಾಫ್ ಮಾಡು’ ಅಂತ ಅತ್ರು. ಮಾಫ್ ಮಾಡೇನ್ರಿ ಉಸ್ತಾದ್ರ ಅಂದೆ. ಹಂಗಂದ್ರ ತಪ್ಪು ಅವರದ ಅಂದಂಗ ಆತಲ್ರಿ. ಅವರದಲ್ಲ ಅಂತ ಈಗ ಯಾರಿಗೆ ಹೇಳ್ಲಿ ಸರ?”

ಆಕೆ ಮತ್ತೆ ಮಗ್ಗಕ್ಕೆ ಕೈ ಹಚ್ಚಿದಳು, ನಾನು ಎದ್ದು ನಿಂತೆ. ಕ್ಷಮೆ ಕೇಳುವ ಮಾತು ಬಾಯಿಯ ತನಕ ಬಂದಿತ್ತು. ಕೇಳಲಿಲ್ಲ. ಕೇಳಿದ್ದರೆ ಆ ಹುಡುಗಿ ಕೊಟ್ಟುಬಿಡುತ್ತಿದ್ದಳು.